ಹೊಸ್ತಿಲಿಲ್ಲದ ಚಕ್ರ

ಬೈಕಿನ ಹಿಂದಿನ ಸೀಟಿನಲ್ಲಿ ಕೂರಲು ತೊಡಗಿ ನಿಮಗೆ ಎಷ್ಟು ವರ್ಷವಾಯಿತು? ನನಗೆ 23 ವರ್ಷವಾಯಿತು. ಮದುವೆಯಾದ ಮೊದಲ ವಾರ ಇವರ ಬೈಕಿನಲ್ಲಿ ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು ಕುಳಿತವಳು, ಇಂದು ಮಗನ ಬೈಕಿನಲ್ಲೂ ಹಾಗೆಯೇ ಕೂರುತ್ತೇನೆ. ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ಮಡಚಿ ಹಿಡಿಯುವುದು, ಮಡಿಲಲ್ಲಿ ಚೀಲ ಇಟ್ಟುಕೊಳ್ಳುವುದು, ಹಂಪ್ ಬಂದಾಗ ಬಿಸ್ಮಿಲ್ಲಾ ಎನ್ನುವುದು. ನಮ್ಮ ಪಾಲಿನ ಕೆಲಸ ಇಷ್ಟೇ ಎಂದುಕೊಂಡಿರುತ್ತೇವೆ. ನಮ್ಮ ಇಡೀ ಭಾರವನ್ನು ಹೊತ್ತು ತಿರುಗುವ ಹಿಂದಿನ ಚಕ್ರವನ್ನು ಹತ್ತುವ ಮೊದಲು ಒಮ್ಮೆ ಬಗ್ಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಬೇರೆ ಯಾರು ನೋಡದಿದ್ದರೂ ನಾನು ನೋಡಬೇಕಿತ್ತು. ನಾನು ಪಂಕ್ಚರ್ ಅಂಗಡಿಯವರ ಮಗಳು.

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ಅಬ್ಬಾನ ಅಂಗಡಿ. ತಗಡಿನ ಮಾಡು, ಕಬ್ಬಿಣದ ನೀರಿನ ತೊಟ್ಟಿ, ಒಂದು ಕಂಪ್ರೆಸರ್. ಮರಕ್ಕೆ ನೇತುಹಾಕಿದ ಹಳೆಯ ಟೈರೇ ಬೋರ್ಡು. ಆ ತೊಟ್ಟಿಯ ದುಡಿಮೆಯಲ್ಲಿ ನಾವು ಐದು ಮಕ್ಕಳು ಬೆಳೆದೆವು. ನಾನು ಆಲಿಮಾ ಕೋರ್ಸ್ ಮುಗಿಸಿದ್ದೂ, ಆಮೇಲೆ ಅಂಚೆ ಮತ್ತು ತೆರಪಿನ ಶಿಕ್ಷಣದಲ್ಲಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದೂ ಅದೇ ದುಡ್ಡಿನಲ್ಲಿ. ಚಿಕ್ಕವಳಿದ್ದಾಗ ಗುಳ್ಳೆ ಹುಡುಕುವುದು ನನ್ನ ಕೆಲಸವಾಗಿತ್ತು. ಗಾಳಿ ತುಂಬಿದ ಟ್ಯೂಬನ್ನು ಅಬ್ಬಾ ನೀರಿನಲ್ಲಿ ಅದ್ದಿ ತಿರುಗಿಸುತ್ತಿದ್ದರು. ಗುಳ್ಳೆ ಎದ್ದಲ್ಲಿ ನಾನು ಬೆರಳಿಡಬೇಕು. ತೂತು ಟ್ಯೂಬಿನ ಹೊರಮೈಯಲ್ಲಿದ್ದರೆ "ಇದು ರಸ್ತೆ ಮಾಡಿದ್ದು" ಎನ್ನುತ್ತಿದ್ದರು. ಒಳಮೈಯಲ್ಲಿ, ಎಂದರೆ ರಿಮ್ಮಿಗೆ ತಾಗುವ ಬದಿಯಲ್ಲಿದ್ದರೆ "ಇದು ಮನೆಯೊಳಗಿನ ಜಗಳ" ಎಂದು ನಗುತ್ತಿದ್ದರು. ಅಂಥ ಟ್ಯೂಬಿಗೆ ಬರೀ ತೇಪೆ ಹಾಕಿ ಕಳಿಸುವುದು ಅಬ್ಬಾನ ಪದ್ಧತಿಯಲ್ಲ. ರಿಮ್ಮಿನ ಒಳಗೆ ಕೈಯಾಡಿಸಿ, ಚುಚ್ಚುವ ತುದಿ ಎಲ್ಲಿದೆ ಎಂದು ಹುಡುಕಿ, ಅದನ್ನು ಅರದಿಂದ ಉಜ್ಜಿದ ಮೇಲೆಯೇ ಗಾಳಿ.

ಈ ಕೆಲಸದ ಹೆಸರಿನಲ್ಲಿ ನಮ್ಮವರನ್ನು ಗೇಲಿ ಮಾಡುವುದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. "ಎಷ್ಟು ಓದಿದರೂ ಕೊನೆಗೆ ಪಂಚರ್ ಹಾಕೋದೇ ತಾನೇ" ಎಂಬ ಮಾತು ನನ್ನ ದೊಡ್ಡ ಮಗನ ಕಿವಿಗೂ ಬಿದ್ದಿತ್ತು. ಡಿಪ್ಲೊಮಾ ಸೇರಿದ ವರ್ಷ ಸಹಪಾಠಿಗಳು ತಮಾಷೆಗೆಂದು ಅವನಿಗೆ ಅದೇ ಹೆಸರಿಟ್ಟರಂತೆ. ಅವನು ಮನೆಯಲ್ಲಿ ಹೇಳಲಿಲ್ಲ. ನಾನಾನ ಅಂಗಡಿಯ ಮುಂದೆ ಹೋಗುವ ದಾರಿ ಬಿಟ್ಟು, ಸುತ್ತು ಬಳಸಿ ಕಾಲೇಜಿಗೆ ಹೋಗತೊಡಗಿದ. ಅಬ್ಬಾ ಒಂದು ದಿನ "ಹುಡುಗ ಈಚೆಗೆ ಕಾಣಿಸೋದೇ ಇಲ್ಲ" ಎಂದಾಗ ನಾನು ಪರೀಕ್ಷೆಯ ನೆಪ ಹೇಳಿದೆ. ಆ ಸುಳ್ಳು ನನ್ನ ಗಂಟಲಲ್ಲಿ ಬಹಳ ದಿನ ಉಳಿಯಿತು.

2024ರ ಜುಲೈ ತಿಂಗಳು. ತೀರ್ಥಹಳ್ಳಿಯಲ್ಲಿ ನಾದಿನಿಯ ಮನೆಗೆ ಹೋಗಿ ಮಗನೊಂದಿಗೆ ವಾಪಸು ಬರುತ್ತಿದ್ದೆ. ಇವರ ಹಳೆಯ 100 ಸಿಸಿ ಬೈಕು, ಕಡ್ಡಿಗಳ ಚಕ್ರದ್ದು. ಮಂಡಗದ್ದೆ ದಾಟಿ ಸ್ವಲ್ಪ ದೂರ ಬಂದಿದ್ದೇವೆ, ಸಣ್ಣಗೆ ಮಳೆ. ಇದ್ದಕ್ಕಿದ್ದಂತೆ ಬೈಕಿನ ಹಿಂಭಾಗ ಮೀನಿನ ಬಾಲದ ಹಾಗೆ ಅತ್ತಿತ್ತ ಬಡಿಯತೊಡಗಿತು. ಮಗ ಬ್ರೇಕ್ ಹಿಡಿದನೋ ಇಲ್ಲವೋ, ನಾನು ಮಣ್ಣಿನ ಅಂಚಿನಲ್ಲಿ ಬಿದ್ದಿದ್ದೆ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಹಿಂದೆ ಬರುತ್ತಿದ್ದ ಲಾರಿ ದೂರದಲ್ಲೇ ನಿಂತಿತು, ಅಲ್‌ಹಮ್ದುಲಿಲ್ಲಾಹ್. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪಟ್ಟಿ.

ಮದರಸಾದಲ್ಲಿ ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡೇ ಪಾಠ ಮಾಡಿದೆ. ನನಗೆ ನೋವಿಗಿಂತ ಕಷ್ಟವಾದದ್ದು ಮಗನ ಮುಖ. ನಾನು ರೊಟ್ಟಿ ತಟ್ಟಲಾಗದೆ ಕುಳಿತಿದ್ದರೆ ಅವನು ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. "ಮೊಳೆ ಹೊಕ್ಕಿರಬೇಕು, ನೀನೇನು ಮಾಡಲಿಕ್ಕಾಗುತ್ತೆ" ಎಂದು ಇವರೂ ನಾನೂ ಹೇಳಿದೆವು. ಅವನ ತಲೆಯಲ್ಲಿ ಮಾತ್ರ ಒಂದೇ ಯೋಚನೆ ಕುಳಿತಿತ್ತು: ಟ್ಯೂಬ್‌ಲೆಸ್ ಆಗಿದ್ದರೆ ಅಮ್ಮಿ ಬೀಳುತ್ತಿರಲಿಲ್ಲ.

ಇದರ ಅರ್ಥವೇನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಡ್ಡಿಗಳ ಚಕ್ರದಲ್ಲಿ ಗಾಳಿ ಇರುವುದು ಟೈರಿನಲ್ಲಲ್ಲ, ಒಳಗಿನ ಟ್ಯೂಬಿನಲ್ಲಿ. ಬಟ್ಟೆಚೀಲದೊಳಗೆ ಬಲೂನು ಇಟ್ಟ ಹಾಗೆ. ಟ್ಯೂಬು ಹರಿದರೆ ಗಾಳಿ ವಾಲ್ವಿನ ತೂತಿನಿಂದಲೂ ಕಡ್ಡಿಗಳ ತೂತುಗಳಿಂದಲೂ ಒಮ್ಮೆಲೇ ಹೊರಟುಹೋಗುತ್ತದೆ. ಟ್ಯೂಬ್‌ಲೆಸ್ ಟೈರು ನಮ್ಮ ಕುಕ್ಕರಿನ ಜಾತಿಯದು. ಟೈರಿನ ಒಳಮೈಗೆ ಗಾಳಿ ಬಿಡದ ರಬ್ಬರಿನ ಪದರವಿರುತ್ತದೆ, ಅದರ ಅಂಚು ಗ್ಯಾಸ್ಕೆಟ್ಟಿನಂತೆ ರಿಮ್ಮಿಗೆ ಒತ್ತಿ ಕೂರುತ್ತದೆ. ಮೊಳೆ ಹೊಕ್ಕರೂ ರಬ್ಬರು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಸಾಮಾನ್ಯವಾಗಿ ಗಾಳಿ ನಿಧಾನವಾಗಿ ಇಳಿಯುತ್ತದೆ. ಬದಿಗೆ ನಿಲ್ಲಿಸಲು ಸಮಯ ಸಿಗುತ್ತದೆ.

ಬಿ.ಎ.ಯಲ್ಲಿ ಇತಿಹಾಸ ಓದಿದವಳಾದ್ದರಿಂದ ಇಲ್ಲೊಂದು ಮಾತು ಸೇರಿಸದಿರಲಾರೆ. ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದೇ ಒಬ್ಬ ತಂದೆಯ ಕಾಳಜಿಯಿಂದ. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಮಗನ ಮೂರು ಚಕ್ರದ ಸೈಕಲ್ ಕಲ್ಲುಹಾಸಿನ ರಸ್ತೆಯಲ್ಲಿ ಕುಲುಕಾಡುವುದನ್ನು ನೋಡಿ ರಬ್ಬರಿನ ಗಾಳಿಕೊಳವೆ ಮಾಡಿ ಸುತ್ತಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರು 1845ರಲ್ಲೇ ಇಂಥದಕ್ಕೆ ಪೇಟೆಂಟ್ ಪಡೆದಿದ್ದರೂ ಅದು ಆಗ ಬಳಕೆಗೆ ಬರಲಿಲ್ಲ. ಟ್ಯೂಬನ್ನೇ ತೆಗೆದುಬಿಟ್ಟ ಕಾರಿನ ಟೈರನ್ನು ಅಮೆರಿಕದ ಗುಡ್‌ರಿಚ್ ಕಂಪನಿಯ ಫ್ರಾಂಕ್ ಹರ್ಝೆಗ್ ರೂಪಿಸಿದ್ದು 1940ರ ದಶಕದಲ್ಲಿ. 1952ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಎಲ್ಲಿಯ ಡನ್‌ಲಪ್, ಎಲ್ಲಿಯ ನನ್ನ ಅಡುಗೆಮನೆ! ಆದರೆ ಅಲ್ಲಿ ಮಗನಿಗಾಗಿ ತಂದೆ, ಇಲ್ಲಿ ತಾಯಿಗಾಗಿ ಮಗ.

ಹಾಗಾದರೆ ಹಳೆಯ ಬೈಕಿಗೆ ಟ್ಯೂಬ್‌ಲೆಸ್ ಟೈರು ಹಾಕಿಬಿಟ್ಟರಾಯಿತಲ್ಲ? ಆಗುವುದಿಲ್ಲ. ನಮ್ಮ ಚಕ್ರದಲ್ಲಿ 36 ಕಡ್ಡಿಗಳು, ಎಂದರೆ ರಿಮ್ಮಿನ ನಡುವೆ 36 ತೂತುಗಳು. ತೂತಿರುವ ಪಾತ್ರೆಗೆ ಎಂಥ ಗ್ಯಾಸ್ಕೆಟ್ ಹಾಕಿದರೇನು? ಅಲಾಯ್ ವೀಲ್ ಹಾಕಿಸಬಹುದು. ಆದರೆ ಎರಡು ಚಕ್ರ, ಎರಡು ಟೈರು, ಕೂಲಿ ಎಲ್ಲ ಸೇರಿ ಆಗ ನಮ್ಮ ಕೈಗೆ ಮೀರಿದ ಲೆಕ್ಕವಾಗಿತ್ತು. ಆ ತೂತುಗಳನ್ನೇ ಮನೆಯಲ್ಲಿ ಮುಚ್ಚುವ ವಿಧಾನಗಳನ್ನು ಮಗ ಮೊಬೈಲಿನಲ್ಲಿ ನೋಡಿದ್ದ. "ಅಮ್ಮಿ, ಹಿಂದಿನ ಚಕ್ರ ಒಂದನ್ನು ಮಾಡಿ ನೋಡ್ತೀನಿ" ಎಂದ. ನನಗೆ ಅನುಮಾನವಿತ್ತು. ಆದರೂ ಹೂಂ ಎಂದೆ. ನಾಲ್ಕು ತಿಂಗಳಿಂದ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡದವನು ಅಂದು ಮುಖ ಎತ್ತಿ ಮಾತಾಡಿದ್ದ. ಹೇಗೆ ಬೇಡ ಅನ್ನಲಿ?

ನವೆಂಬರಿನ ಒಂದು ಭಾನುವಾರ ಹಿಂದಿನ ಚಕ್ರ ನಮ್ಮ ಪಡಸಾಲೆಗೆ ಬಂತು. ಟೈರು, ಟ್ಯೂಬು ಕಳಚಿದ ಮೇಲೆ ರಿಮ್ಮಿನ ಒಳಗೆ ಕಂಡದ್ದು ಬರೀ ತುಕ್ಕು. ಅದನ್ನು ತಿಕ್ಕಲು ನನ್ನ ಪಾತ್ರೆ ಉಜ್ಜುವ ತಂತಿನಾರು ಹೋಯಿತು, ಆಮೇಲೆ ಉಪ್ಪುಕಾಗದ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿದ. ಬೆರಳಿನ ಎಣ್ಣೆ ತಾಗಿದರೂ ಅಂಟು ಹಿಡಿಯುವುದಿಲ್ಲವಂತೆ, ಆದ್ದರಿಂದ ಕೈಗವಸು. ನಲ್ಲಿ ಸೋರಿದಾಗ ನಾದಿ ಹಚ್ಚುತ್ತೇವಲ್ಲ, ಆ ಎರಡು ಬಣ್ಣದ ಅಂಟಿನ ಮುದ್ದೆಯನ್ನು ಮೊದಲು ಯೋಚಿಸಿದ್ದ. ಅದು ಒಣಗಿದರೆ ಕಲ್ಲು. ಚಕ್ರ ಉರುಳುವಾಗ ಪ್ರತಿ ಸುತ್ತಿಗೂ ಕಡ್ಡಿಯ ಬಿಗಿ ಸ್ವಲ್ಪ ಸಡಿಲವಾಗಿ ಮತ್ತೆ ಬಿಗಿಯುತ್ತದೆ. ಆ ಅಲುಗಾಟಕ್ಕೆ ಕಲ್ಲು ಬಿರುಕು ಬಿಡದೇ ಇದ್ದೀತೇ? ರಬ್ಬರಿನಂತೆ ಬಳುಕುವ ಅಂಟೇ ಬೇಕು ಎಂದು ಕಿಟಕಿ ಗಾಜಿಗೆ, ವಾಷ್ ಬೇಸಿನ್ನಿಗೆ ಹಚ್ಚುವ ಸಿಲಿಕಾನ್ ತಂದ. ಒಂದೊಂದು ಕಡ್ಡಿಯ ತುದಿಯ ನಿಪ್ಪಲ್ಲಿಗೂ ಒಂದೊಂದು ಬೊಟ್ಟು, 36 ಬೊಟ್ಟು. ಮೆಹೆಂದಿ ಕೋನ್ ಹಿಡಿದು ಅಭ್ಯಾಸವಿದ್ದ ನನ್ನ ಮಗಳು ಅಣ್ಣನಿಗಿಂತ ಚೆನ್ನಾಗಿ ಇಟ್ಟಳು.

ಮನೆಯೆಲ್ಲ ವಿನಿಗರ್ ವಾಸನೆ. ಅದೇಕೆಂದು ಆಗ ನಾವು ಯೋಚಿಸಲಿಲ್ಲ. ಆ ಬಗೆಯ ಸಿಲಿಕಾನ್ ಒಣಗುವಾಗ ವಿನಿಗರಿನಲ್ಲಿರುವ ಆಮ್ಲವನ್ನೇ ಬಿಡುತ್ತದೆ. ಹುಳಿ ತಾಗಿದ ಕಬ್ಬಿಣ ಏನಾಗುತ್ತದೆಂದು ಉಪ್ಪಿನಕಾಯಿ ಹಾಕುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ವಾರ ಬಿಟ್ಟು ಕಿತ್ತಾಗ ಬೊಟ್ಟುಗಳ ಕೆಳಗೆ ಹೊಸ ತುಕ್ಕು ಕೂತಿತ್ತು.

ಅದಕ್ಕೂ ಮೊದಲೇ ಅದು ಸೋತಿತ್ತು. ಟ್ಯೂಬ್‌ಲೆಸ್ ಟೈರು ಏರಿಸಿ ಕಾಲಿನ ಪಂಪಿನಲ್ಲಿ ಎಷ್ಟು ಒತ್ತಿದರೂ ಗಾಳಿ ನಿಲ್ಲಲಿಲ್ಲ. ಟೈರಿನ ಅಂಚು ರಿಮ್ಮಿಗೆ ಹಾರಿ ಕೂರಬೇಕಾದರೆ ಒಮ್ಮೆಲೇ ರಭಸದಿಂದ ಗಾಳಿ ನುಗ್ಗಬೇಕು. ಅದಕ್ಕೆ ಕಂಪ್ರೆಸರ್ ಬೇಕು, ಗುಳ್ಳೆ ನೋಡಲು ತೊಟ್ಟಿ ಬೇಕು. ಎರಡೂ ಇದ್ದದ್ದು ಒಂದೇ ಕಡೆ.

ಮಗ ಬಹಳ ಹೊತ್ತು ಚಕ್ರವನ್ನು ನೋಡುತ್ತಾ ಕುಳಿತ. ಆಮೇಲೆ ಅದನ್ನು ತಂಗಿಯ ಸೈಕಲ್ಲಿಗೆ ಕಟ್ಟಿಕೊಂಡು ನಾನಾನ ಅಂಗಡಿಗೆ ಹೋದ. ಒಂದೂವರೆ ವರ್ಷದ ನಂತರ.

ಅಬ್ಬಾ ಏನೂ ಕೇಳಲಿಲ್ಲವಂತೆ. "ಇಡು ಇಲ್ಲಿ" ಎಂದಷ್ಟೇ ಹೇಳಿ ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ಒಳಗಿನ ಪಿನ್ನು ತೆಗೆದು ಗಾಳಿ ಹೊಡೆದರು. ಟಪ್, ಟಪ್ ಎಂದು ಎರಡು ಸದ್ದು. ಎರಡೂ ಬದಿ ಕೂತಿತು. ತೊಟ್ಟಿಯಲ್ಲಿ ಅದ್ದಿದರೆ ಐದು ಕಡೆ ಗುಳ್ಳೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಟ್ಟು, "ಬಸ್ಸಿನ ಗಾಜು ಕೂರಿಸುವವರ ಹತ್ತಿರ ಬೇರೆ ಅಂಟು ಇರುತ್ತೆ, ಕೇಳು" ಎಂದರು. ಪಾಲಿಯುರೆಥೇನ್ ಎಂದು ಅದರ ಹೆಸರು. ಅದು ಗಾಳಿಯ ತೇವ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪ ಹಚ್ಚಿದರೆ ಒಳಗಿನವರೆಗೆ ಒಣಗಲು ದಿನಗಟ್ಟಲೆ ಬೇಕು. ಈ ಸಲ ರಿಮ್ಮನ್ನು ಅಂಗಡಿಯಲ್ಲೇ ಬೆಳ್ಳಗೆ ಹೊಳೆಯುವಂತೆ ಉಜ್ಜಿದರು. ಬೊಟ್ಟಿನ ಮೇಲೆ ಅಗಲವಾದ ಟೇಪಿನ ಸುತ್ತು. ನಾನಾ ಹಿಡಿದುಕೊಂಡರು, ಮೊಮ್ಮಗ ಎಳೆದು ಸುತ್ತಿದ. ಒಂದು ವಾರ ಅವನು ಕಾಲೇಜಿನಿಂದ ನೇರ ಅಂಗಡಿಗೆ ಹೋಗುತ್ತಿದ್ದ, ರಾತ್ರಿ ನಾನಾನನ್ನು ಮನೆಗೆ ಬಿಟ್ಟು ಬರುತ್ತಿದ್ದ. ಸಹೋದರಿಯರೇ, ಆ ಚಕ್ರ ಎಂದಿಗೂ ಮುಗಿಯದಿರಲಿ ಎಂದು ನನಗನಿಸಿತ್ತು.

ಮುಗಿಯಿತು. 30 ಪೌಂಡ್ ಗಾಳಿ ತುಂಬಿಸಿ ಅದ್ದಿದರೆ ಒಂದು ಗುಳ್ಳೆಯೂ ಇಲ್ಲ. ನಾಲ್ಕು ದಿನ ಬಿಟ್ಟು ಗೇಜು ಹಿಡಿದರೂ 30ರ ಹತ್ತಿರವೇ. ಮಗ ಅಂಗಡಿಯಿಂದಲೇ ಫೋನು ಮಾಡಿದ, "ಅಮ್ಮಿ, ಶುಕ್ರವಾರ ನಿಮ್ಮನ್ನೇ ಮೊದಲು ಕೂರಿಸಿಕೊಂಡು ಹೋಗ್ತೀನಿ." ಅಂದು ಸಂಜೆ ಇವರ ಜೊತೆ ನಾನೂ ಅಂಗಡಿಗೆ ಹೋದೆ.

ಅಬ್ಬಾ ಚಕ್ರವನ್ನು ಇನ್ನೂ ಬೈಕಿಗೆ ಹಾಕಿರಲಿಲ್ಲ. ಪಕ್ಕದಲ್ಲಿ ಯಾರದೋ ಬೈಕಿನ ಅಲಾಯ್ ಚಕ್ರ, ಕಂಪನಿಯಿಂದಲೇ ಟ್ಯೂಬ್‌ಲೆಸ್ ಆಗಿ ಬಂದದ್ದು, ಬಿದ್ದಿತ್ತು. "ಗಾಳಿ ನಿಂತಿತು ಬೇಟಾ, ಶಾಬಾಶ್. ಟೈರು ನಿಲ್ಲುತ್ತಾ ನೋಡೋಣ" ಎಂದು ಎರಡೂ ಚಕ್ರದ ಪಿನ್ನು ತೆಗೆದು ಗಾಳಿ ಪೂರ್ತಿ ಬಿಟ್ಟರು. ಮೊದಲು ಅಲಾಯ್ ಚಕ್ರದ ಟೈರಿನ ಅಂಚಿನ ಮೇಲೆ ಹಿಮ್ಮಡಿ ಇಟ್ಟು ಇಡೀ ಮೈಭಾರ ಹಾಕಿದರು. ಕದಲಲಿಲ್ಲ. ಮಗನೂ ಹತ್ತಿ ತುಳಿದ. ಗಾಳಿಯೇ ಇಲ್ಲದಿದ್ದರೂ ಅಂಚು ಜಾಗ ಬಿಡಲಿಲ್ಲ. ಆಮೇಲೆ ನಮ್ಮ ಚಕ್ರ. ಅಬ್ಬಾನಿಗೆ 74 ವರ್ಷ, ಸಣಕಲು ಮೈ. ಒಂದೇ ತುಳಿತಕ್ಕೆ ಟೈರಿನ ಅಂಚು ಜಾರಿ ರಿಮ್ಮಿನ ನಡುವಿನ ಹಳ್ಳಕ್ಕೆ ಬಿತ್ತು.

ಯಾರೂ ಮಾತಾಡಲಿಲ್ಲ. ಅಬ್ಬಾ ಅಲಾಯ್ ರಿಮ್ಮಿನ ಟೈರನ್ನು ಲಿವರ್ ಹಾಕಿ ಸರಿಸಿ, ನನ್ನ ಬೆರಳನ್ನು ಒಳಗಿಟ್ಟು ಸವರಿಸಿದರು, ಚಿಕ್ಕಂದಿನಲ್ಲಿ ಗುಳ್ಳೆ ತೋರಿಸಿದ ಹಾಗೆ. ಟೈರಿನ ಅಂಚು ಕೂರುವ ಜಾಗದ ಒಳಪಕ್ಕದಲ್ಲಿ ಸುತ್ತಲೂ ಒಂದು ಸಣ್ಣ ಉಬ್ಬು. ಮನೆಯ ಹೊಸ್ತಿಲಿನಂತೆ. ಟೈರು ಹತ್ತಿಸಲು ರಿಮ್ಮಿನ ನಡುವೆ ಹಳ್ಳ ಇರಲೇಬೇಕು. ಆದರೆ ಗಾಳಿ ಕಡಿಮೆಯಾದಾಗ ಅಂಚು ಆ ಹಳ್ಳಕ್ಕೆ ಜಾರದಂತೆ ತಡೆಯುವುದು ಈ ಹೊಸ್ತಿಲು. ನಮ್ಮ ರಿಮ್ಮಿನಲ್ಲಿ ಬೆರಳು ಸಲೀಸಾಗಿ ಜಾರಿ ಹಳ್ಳಕ್ಕೆ ಇಳಿಯಿತು. ಟ್ಯೂಬಿಗಾಗಿ ಮಾಡಿದ ಹಳೆಯ ರಿಮ್ಮು, ಅದರಲ್ಲಿ ಹೊಸ್ತಿಲೇ ಇಲ್ಲ. ಟ್ಯೂಬು ಇದ್ದಾಗ ಅದು ಒಳಗಿನಿಂದ ಟೈರನ್ನು ರಿಮ್ಮಿಗೆ ಒತ್ತಿ ಹಿಡಿದಿರುತ್ತದೆ. ಟ್ಯೂಬು ತೆಗೆದ ಮೇಲೆ ಅಂಚು ಒಂದು ಕಡೆ ಕದಲಿದರೂ ಸಾಕು, ಇದ್ದಬದ್ದ ಗಾಳಿ ಒಂದೇ ಕ್ಷಣದಲ್ಲಿ ಖಾಲಿ. ಯಾವ ಬೀಳುವಿಕೆಯನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದೆವೋ ಅದೇ ಬೀಳುವಿಕೆಯನ್ನು ನಮ್ಮ ಕೈಯಾರೆ ಕಟ್ಟಿಟ್ಟಿದ್ದೆವು.

ಮಗ ಒಪ್ಪಲಿಲ್ಲ. "ಅಲ್ಲಿ ಎಲ್ಲರೂ ಮಾಡಿದ್ದಾರೆ ನಾನಾ, ಸಾವಿರಾರು ಕಿಲೋಮೀಟರ್ ಓಡಿಸಿದ್ದಾರೆ. ಸ್ವಲ್ಪ ತವಕ್ಕುಲ್ ಇಡಿ" ಎಂದ. ಅಬ್ಬಾ ನನ್ನ ಕಡೆ ತಿರುಗಿ, "ನೀನು ಮದರಸಾದಲ್ಲಿ ಮಕ್ಕಳಿಗೆ ಒಂಟೆ ಕಟ್ಟುವ ಕಥೆ ಹೇಳ್ತೀಯಲ್ಲ, ಇವನಿಗೆ ಹೇಳಿಲ್ಲವಾ?" ಎಂದರು. ಹೇಳಿದ್ದೆ. ಆದರೆ ಹೂಂ ಎಂದವಳೂ ನಾನೇ.

ಆ ರಾತ್ರಿ ಮಗನ ಮೊಬೈಲು ತೆಗೆದುಕೊಂಡು ಅವನು ನೋಡಿದ ವಿಡಿಯೋಗಳನ್ನೆಲ್ಲ ಮೊದಲಿಂದ ನೋಡಿದೆ. ಬಿ.ಎ. ಇಂಗ್ಲಿಷು ಅಂದು ಉಪಯೋಗಕ್ಕೆ ಬಂತು. ಬೆಟ್ಟಗುಡ್ಡದಲ್ಲಿ ಓಡಿಸುವ ದೊಡ್ಡ ಬೈಕಿನವರು ಅವರು. ಅಂಟು, ಟೇಪುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುವವರು ಆರಂಭದಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತಾರೆ: ತಮ್ಮ ರಿಮ್ಮಿನಲ್ಲಿ ಆ ಉಬ್ಬು ಮೊದಲೇ ಇದೆ ಎಂದು. ರಿಮ್ಮಿನ ಅಳತೆಯ ಜೊತೆ ಅಚ್ಚೊತ್ತಿದ ಅಕ್ಷರ ನೋಡಿಕೊಳ್ಳಿ ಎನ್ನುತ್ತಾರೆ. 'ಎಂ.ಟಿ.' ಎಂದಿದ್ದರೆ ಸಾಮಾನ್ಯವಾಗಿ ಉಬ್ಬು ಇರುವ ಬಗೆ, 'ಡಬ್ಲ್ಯು.ಎಂ.' ಎಂದಿದ್ದರೆ ಹಳೆಯ ಟ್ಯೂಬಿನ ಬಗೆ. ಅವರು ಮುಚ್ಚಿದ್ದು ತೂತನ್ನು ಮಾತ್ರ, ಹೊಸ್ತಿಲನ್ನು ಕಂಪನಿಯೇ ಕೊಟ್ಟಿತ್ತು. ಆ ಒಂದು ಮಾತನ್ನು ಮಗ ಓಡಿಸಿಕೊಂಡು ನೋಡಿದ್ದ.

ಕಡ್ಡಿಯ ಚಕ್ರ ಟ್ಯೂಬ್‌ಲೆಸ್ ಆಗಬಾರದೆಂದೇನಿಲ್ಲ. ಬಿಎಂಡಬ್ಲ್ಯು ಕಂಪನಿ 1980ರ ದಶಕದಲ್ಲೇ ಕಡ್ಡಿಗಳನ್ನು ರಿಮ್ಮಿನ ನಡುವಿನಿಂದ ತೆಗೆದು ಹೊರ ಅಂಚಿಗೆ ಜೋಡಿಸಿತು. ಆಗ ಗಾಳಿ ಇರುವ ಜಾಗದಲ್ಲಿ ತೂತೇ ಇರುವುದಿಲ್ಲ. ನಮ್ಮ ದೇಶದ ರಾಯಲ್ ಎನ್‌ಫೀಲ್ಡ್ ಕೂಡ ಹಿಮಾಲಯನ್ 450 ಬೈಕಿಗೆ ಟ್ಯೂಬ್‌ಲೆಸ್ ಕಡ್ಡಿಚಕ್ರವನ್ನು 2024ರಲ್ಲಿ ಇಲ್ಲಿ ಮಾರಾಟಕ್ಕೆ ತಂದಿತು. ಅವು ಹಾಗೆಂದೇ ಹುಟ್ಟಿದ ಚಕ್ರಗಳು. ಮನೆಯಲ್ಲಿ ಅಂಟು ಹಾಕಿದ ಚಕ್ರಕ್ಕೆ ಇನ್ನೊಂದು ತೊಡಕೂ ಇದೆ: ಹಳ್ಳಕ್ಕೆ ಬಿದ್ದು ಚಕ್ರ ಸೊಟ್ಟಗಾದರೆ ಕಡ್ಡಿಗಳ ನಿಪ್ಪಲ್ ತಿರುಗಿಸಿ ಬೆಂಡು ತೆಗೆಯಬೇಕಲ್ಲ, ತಿರುಗಿಸಿದ ಕೂಡಲೇ ಅಂಟು ಹರಿಯುತ್ತದೆ. ನಮ್ಮ ರಸ್ತೆಗಳಲ್ಲಿ ಬೆಂಡಾಗದ ಚಕ್ರ ಯಾವುದಿದೆ?

ಮರುದಿನ ಮಗನಿಗೆ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. "ಬೇಟಾ, ನನಗೆ ಮೊದಲ ದಿನವೇ ಅನುಮಾನವಿತ್ತು. ನಿನ್ನ ಮುಖ ನೋಡಿ ಹೂಂ ಅಂದೆ. ಅದು ನನ್ನ ತಪ್ಪು. ಈ ಚಕ್ರದ ಮೇಲೆ ನಾನು ಕೂರುವುದಿಲ್ಲ, ನಿನ್ನ ತಂಗಿಯನ್ನೂ ಕೂರಿಸುವುದಿಲ್ಲ." ಅವನ ಕಣ್ಣು ತುಂಬಿತು. "ಹಾಗಾದ್ರೆ ಇನ್ನೊಂದು ಮೊಳೆ ಹೊಕ್ಕರೆ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ನಮ್ಮ ಅಟ್ಟದ ಮೇಲಿತ್ತು. ಅಂದು ರಸ್ತೆಯಲ್ಲಿ ಯಾರೋ ಪುಣ್ಯಾತ್ಮರು ಹಳೆಯ ಟ್ಯೂಬು ಬಿಚ್ಚಿ ಹೊಸದು ಹಾಕಿಕೊಟ್ಟಿದ್ದರು. ಹರಿದ ಟ್ಯೂಬನ್ನು ಮಗ ಎಸೆದಿರಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಂಡಿದ್ದ. ಯಾಕೆಂದು ನಾನು ಕೇಳಲಿಲ್ಲ, ನನ್ನ ಪಟ್ಟಿ ಕಟ್ಟಿದ ಕೈ ನೋಡಿದವನಿಗೆ ಅದನ್ನು ಎಸೆಯಲಾಗಿರಲಿಲ್ಲವೇನೋ. ಅದನ್ನು ತೆಗೆದುಕೊಂಡು ನಾವಿಬ್ಬರೂ ಅಂಗಡಿಗೆ ಹೋದೆವು. ಅಬ್ಬಾ ಟ್ಯೂಬನ್ನು ಹರಡಿ, ಹರಿದ ಜಾಗವನ್ನು ಬೆರಳಲ್ಲಿ ಸವರಿ, ನನ್ನ ಮುಂದೆ ಹಿಡಿದರು. ಏನೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಹರಿದದ್ದು ಒಳಮೈ. ಮನೆಯೊಳಗಿನ ಜಗಳ.

ಮೊಳೆಯೇ ಹೊಕ್ಕಿರಲಿಲ್ಲ. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಒಳಗೆ ಒಂದು ರಬ್ಬರಿನ ಪಟ್ಟಿ ಸುತ್ತಿರುತ್ತಾರೆ. ನಮ್ಮದು ಯಾವಾಗಲೋ ಬಿರುಕುಬಿಟ್ಟು ಪಕ್ಕಕ್ಕೆ ಸರಿದುಹೋಗಿತ್ತು. ಕಡ್ಡಿಯ ತುದಿ ದಿನಾ ಉಜ್ಜಿ ಉಜ್ಜಿ ಟ್ಯೂಬನ್ನು ತೆಳ್ಳಗೆ ಮಾಡಿತ್ತು. ಅದೇ ಟ್ಯೂಬಿಗೆ ಬೇರೆಡೆ ಏಳು ತೇಪೆ. ಕೆಲವು ನೂರು ರೂಪಾಯಿ ಖರ್ಚಿನಲ್ಲಿ ಪಟ್ಟಿ, ಟ್ಯೂಬು ಎರಡನ್ನೂ ಬದಲಿಸಿದ್ದರೆ ನನ್ನ ಕೈ ಮುರಿಯುತ್ತಿರಲಿಲ್ಲ. ಏಳು ಸಲ ತೇಪೆ ಹಾಕಿಸುವಾಗ ನಾವು ಯಾರೂ ಅಬ್ಬಾನ ಅಂಗಡಿಯವರೆಗೆ ಹೋಗಿರಲಿಲ್ಲ. ಮಗ ನಾಚಿಕೆಯಿಂದ ಆ ದಾರಿ ಬಿಟ್ಟಿದ್ದ, ಇವರು ಆಫೀಸಿನ ಹತ್ತಿರವೇ ಹಾಕಿಸಿಕೊಳ್ಳುತ್ತಿದ್ದರು. ನಾನು? ಬುರ್ಖಾದ ಅಂಚು ಮಡಚಿಕೊಂಡು ಕೂತಿದ್ದೆ.

ಅಂಟನ್ನೆಲ್ಲ ಕೆರೆದು ತೆಗೆಯಲು ಮಗನಿಗೆ ಎರಡು ಸಂಜೆ ಹಿಡಿಯಿತು. ಟ್ಯೂಬ್‌ಲೆಸ್ ಟೈರನ್ನು ಪಕ್ಕದ ಬೀದಿಯವರೊಬ್ಬರು ತಮ್ಮ ಅಲಾಯ್ ಚಕ್ರಕ್ಕೆ ಸ್ವಲ್ಪ ಕಡಿಮೆ ಬೆಲೆಗೆ ಕೊಂಡರು. ಕಡ್ಡಿಗಳ ತುದಿಗಳನ್ನು ಅರದಿಂದ ಸಮ ಮಾಡಿ, ಹೊಸ ಪಟ್ಟಿ, ಹೊಸ ಟ್ಯೂಬು, ಹೊಸ ಟ್ಯೂಬ್ ಟೈರು ಹಾಕಿದ್ದು ಅವನೇ. ಅಬ್ಬಾ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಾ ನೋಡಿದರು. ಮೊಳೆ ಹೊಕ್ಕರೆ ಇವತ್ತಿಗೂ ಟ್ಯೂಬು ಹರಿಯಬಹುದು, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ನಾವು ಆ ಬೈಕಿನಲ್ಲಿ ನಿಧಾನಕ್ಕೆ ಹೋಗುತ್ತೇವೆ, ಮಳೆಯಿದ್ದರೆ ಬಸ್ಸು. ಅಲಾಯ್ ಚಕ್ರಕ್ಕೆಂದು ಚೀಟಿ ಕಟ್ಟುತ್ತಿದ್ದೇನೆ.

ಈಗ ನಾನು ಹತ್ತುವ ಮುನ್ನ ಬಗ್ಗಿ ನೋಡುತ್ತೇನೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳು ಒತ್ತಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಟ್ಯೂಬಿನದೋ ಟ್ಯೂಬ್‌ಲೆಸ್ಸೋ ಎಂಬುದನ್ನೂ ಅಲ್ಲೇ ಅಚ್ಚು ಹಾಕಿರುತ್ತಾರೆ. ಬಿರುಕು ಇದೆಯೇ, ನಡುವಿನ ಗೀರುಗಳು ಸವೆದಿವೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಮೊದಮೊದಲು ಇವರು ನಗುತ್ತಿದ್ದರು, ಈಗ ಬೈಕನ್ನು ನಿಲ್ಲಿಸಿ ಕಾಯುತ್ತಾರೆ. ತೇಪೆ ಎಷ್ಟಾಯಿತು ಎಂದು ಕೇಳಲು ಮಾತ್ರ ಯಾಕೋ ನನಗೂ ಬಹಳ ದಿನ ಸಂಕೋಚವಿತ್ತು. ಗಂಡಸರ ಗಾಡಿ, ಗಂಡಸರ ಲೆಕ್ಕ ಎಂಬ ಭಾವನೆ. ಬೀಳುವಾಗ ಆ ಲೆಕ್ಕ ಇರಲಿಲ್ಲ.

ಮಗ ಶನಿವಾರ, ಭಾನುವಾರ ಅಂಗಡಿಯಲ್ಲಿರುತ್ತಾನೆ. ಮೊನ್ನೆ ಭಾನುವಾರ ನಾನು ಅಬ್ಬಾನಿಗೆ ಊಟ ಕೊಂಡುಹೋದಾಗ ಒಂದು ಬೈಕು ನಿಂತಿತ್ತು. ಗಂಡ ಮೊಬೈಲಿನಲ್ಲಿ ಮಾತಾಡುತ್ತಾ ಅವಸರ ಮಾಡುತ್ತಿದ್ದ, "ಒಂದು ತೇಪೆ ಹಾಕಿ ಸಾಕು, ದೂರ ಹೋಗಬೇಕು." ಹೆಂಡತಿ ಮರದ ಕೆಳಗೆ ಮಗುವನ್ನು ಎತ್ತಿಕೊಂಡು ಆ ಕಡೆ ನೋಡುತ್ತಾ ನಿಂತಿದ್ದಳು, ಎಲ್ಲಾ ಹೆಂಗಸರು ನಿಲ್ಲುವ ಹಾಗೆ. ಮಗ ಟ್ಯೂಬನ್ನು ತೊಟ್ಟಿಯಿಂದ ಎತ್ತಿ, ನೀರು ಒರೆಸಿ, ಗಂಡನನ್ನು ದಾಟಿ ಅವಳ ಹತ್ತಿರ ಹೋದ.

"ಅಕ್ಕಾ, ಹಿಂದೆ ಕೂರೋದು ನೀವಲ್ವಾ? ಇಲ್ಲಿ ಒಮ್ಮೆ ನೋಡಿ" ಎಂದ.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಬಗ್ಗಿ ನೋಡಿದಳು.